ಸಪುರ ಆಗುವ ಇಂಜೆಕ್ಷನ್: ಯಾವುದು ಅಂತ ಕೇಳುವ ಮೊದಲು ಎಲ್ಲಿಂದ ಅಂತ ಕೇಳಿ

ಮೆಡಿಕಲ್ ಕೌಂಟರಿನ ಈಚೆ ನಿಲ್ಲುವ ನನ್ನಂಥ ಫಾರ್ಮಾಸಿಸ್ಟ್‌ಗಳಿಗೆ ಮಂಗಳೂರಲ್ಲಿ ಈಗ ಜಾಸ್ತಿ ಬರುವ ಪ್ರಶ್ನೆ ಎಂತ ಅಂದ್ರೆ ಮೌಂಜಾರೊ ಒಳ್ಳೇದಾ ವೆಗೊವಿ ಒಳ್ಳೇದಾ, ಬೇಗ ಸಪುರ ಆಗುದು ಯಾವುದರಲ್ಲಿ, ಕ್ರಯ ಕಮ್ಮಿ ಯಾವುದಕ್ಕೆ. ಅದಕ್ಕೆ ಉತ್ತರ ಉಂಟು, ಕೆಳಗೆ ಬರೆದಿದ್ದೇನೆ ಕೂಡ, ಆದ್ರೆ ಅದು ಎರಡನೇ ಪ್ರಶ್ನೆ. ಮೊದಲನೇದು ಆ ಸೂಜಿ ನಿಮ್ಮ ಕೈಗೆ ಯಾವ ದಾರೀಲಿ ಬರ್ತದೆ ಅನ್ನುದು. ಯಾಕಂದ್ರೆ ಇದೇ ಹೆಸರಿನ ಮದ್ದು ಐದು ದಾರೀಲಿ ಬರ್ತದೆ: ಡಾಕ್ಟರ್ ಚೀಟಿ ಹಿಡಿದು ಮೆಡಿಕಲಿಂದ, ಫೋನಲ್ಲಿ ಆ್ಯಪ್ ಮೂಲಕ, ಗಲ್ಫಿಂದ ಬರುವವರ ಬ್ಯಾಗಲ್ಲಿ, ಸ್ಲಿಮ್ಮಿಂಗ್ ಸೆಂಟರ್ ಪಾರ್ಲರ್ ಅಂತ ಇರುವ ಕಡೆ ಸಿರಿಂಜಿಗೆ ತುಂಬಿಸಿಟ್ಟದ್ದು, ಮತ್ತೆ ವಾಟ್ಸ್ಯಾಪ್ ಟೆಲಿಗ್ರಾಮಲ್ಲಿ ಮಾರುವ ಪುಡಿ. ಇದರಲ್ಲಿ ಒಂದಕ್ಕೆ ನಾನು ಪೂರ್ತಿ ಹೌದು ಹೇಳ್ತೇನೆ, ಒಂದಕ್ಕೆ ಕಂಡೀಷನ್ ಹಾಕಿ ಹೌದು, ಉಳಿದ ಮೂರಕ್ಕೆ ಬೇಡ. ಯಾಕೆ ಅಂತ ಬಿಡಿಸಿ ಹೇಳ್ಲಿಕ್ಕೇ ಇಷ್ಟುದ್ದ ಬರೆಯುದು.

ಮೊದಲು ಕಾನೂನು ಎಂತ ಹೇಳ್ತದೆ ನೋಡಿ, ಅದು ಗೊತ್ತಿದ್ರೆ ಅರ್ಧ ಗೊಂದಲ ಹೋಗ್ತದೆ. ಈ ಇಂಜೆಕ್ಷನ್‌ಗಳು ಚೀಟಿ ಇಲ್ಲದೆ ಮಾರುವ ಹಾಗಿಲ್ಲದ ಮದ್ದುಗಳು, ಬಾಕ್ಸಿನ ಮೇಲೆ ಆರ್‌ಎಕ್ಸ್ ಗುರುತು ಇರ್ತದೆ ನೋಡಿ. 1940ರ ಡ್ರಗ್ಸ್ ಆ್ಯಂಡ್ ಕಾಸ್ಮೆಟಿಕ್ಸ್ ಆ್ಯಕ್ಟ್ ಪ್ರಕಾರ ಲೈಸೆನ್ಸ್ ಇಲ್ಲದವ ಮದ್ದು ಮಾರಿದ್ರೆ ಕಡಿಮೆ ಅಂದ್ರೆ 3 ವರ್ಷ ಜೈಲು, 5 ವರ್ಷದವರೆಗೂ ಹೋಗಬಹುದು, ಅದರ ಮೇಲೆ ಕನಿಷ್ಠ 1 ಲಕ್ಷ ದಂಡ. ನಕಲಿ ಮದ್ದಿಂದ ಯಾರಾದ್ರೂ ಸತ್ರೆ ಅಥವಾ ದೊಡ್ಡ ಗಾಯ ಆದ್ರೆ ಕನಿಷ್ಠ 10 ವರ್ಷ, ಜೀವಾವಧಿ ಕೂಡ ಆಗಬಹುದು. ಇನ್ನು ಜಾಹೀರಾತು, 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಆ್ಯಕ್ಟಿನ ಪಟ್ಟಿಯಲ್ಲಿ ಬೊಜ್ಜು ಕೂಡ ಉಂಟು, ಅಂದ್ರೆ ಇಂಥ ಮದ್ದು ತಗೊಳ್ಳಿ ಬೊಜ್ಜು ಹೋಗ್ತದೆ ಅಂತ ಜನರಿಗೆ ಜಾಹೀರಾತು ಕೊಡುವ ಹಾಗೇ ಇಲ್ಲ. ಹಾಗಾಗಿ ರೀಲ್ಸಲ್ಲಿ ಯಾರಾದ್ರೂ ಪೆನ್ ಹಿಡ್ಕೊಂಡು ನಂಬರ್ ಕೊಟ್ಟು ಬನ್ನಿ ಅಂತ ಕರೆದ್ರೆ ಅಲ್ಲಿಗೇ ನಿಮಗೆ ಗೊತ್ತಾಗಬೇಕು, ಶುರುವಲ್ಲೇ ಕಾನೂನು ಮುರಿದವರು ಮದ್ದು ಫ್ರಿಜ್ಜಲ್ಲಿ ಸರಿ ಇಟ್ಟಿರ್ತಾರೆ ಅಂತ ನಂಬ್ಲಿಕ್ಕೆ ಯಾವ ಕಾರಣವೂ ಇಲ್ಲ.

ಡಾಕ್ಟರ್ ಮತ್ತೆ ಮೆಡಿಕಲ್

ಈ ದಾರಿ ನಿಧಾನ, ಖರ್ಚು ಕೂಡ ಜಾಸ್ತಿ ಅಂತ ಕಾಣ್ತದೆ, ಆದ್ರೂ ನಾನು ಹೇಳುದು ಇದನ್ನೇ. ನಮ್ಮ ದಕ್ಷಿಣ ಕನ್ನಡ ಉಡುಪಿ ಎರಡು ಜಿಲ್ಲೆಯಲ್ಲಿ ಡಾಕ್ಟರ್‌ಗೆ ಬರ ಇಲ್ಲ ಮಾರಾಯ್ರೆ, ಕಂಕನಾಡಿ ಅತ್ತಾವರ ದೇರಳಕಟ್ಟೆ ಕುಂಟಿಕಾನ ಮಣಿಪಾಲ ಎಲ್ಲಿ ಹೋದ್ರೂ ಮೆಡಿಕಲ್ ಕಾಲೇಜು ಆಸ್ಪತ್ರೆ ಉಂಟು, ಖರ್ಚಿನ ಚಿಂತೆ ಇದ್ರೆ ಮಂಗಳೂರಲ್ಲಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಉಂಟು, ಉಡುಪಿಯಲ್ಲಿ ಅಜ್ಜರಕಾಡು ಜಿಲ್ಲಾಸ್ಪತ್ರೆ ಉಂಟು. ಎಂಡೋಕ್ರಿನಾಲಜಿಸ್ಟ್ ಅಂದ್ರೆ ಶುಗರ್ ಹಾರ್ಮೋನ್ ನೋಡುವ ಡಾಕ್ಟರ್, ಅಥವಾ ಒಳ್ಳೆ ಫಿಸಿಷಿಯನ್ ಸಾಕು.

ಒಳ್ಳೆ ಡಾಕ್ಟರ್ ಹೇಗೆ ಗೊತ್ತಾಗ್ತದೆ ಅಂದ್ರೆ ಅವರು ಮೊದಲು ಬೇಡ ಅನ್ಲಿಕ್ಕೆ ಕಾರಣ ಹುಡುಕ್ತಾರೆ. ಮನೆಯಲ್ಲಿ ಯಾರಿಗಾದ್ರೂ ಥೈರಾಯ್ಡ್ ಕ್ಯಾನ್ಸರ್ ಇತ್ತಾ, ಅದರಲ್ಲೂ ಮೆಡುಲ್ಲರಿ ಅನ್ನುವ ಜಾತಿದ್ದು, ನಿಮಗೆ ಯಾವಾಗಾದ್ರೂ ಪ್ಯಾಂಕ್ರಿಯಾಸ್ ಊದಿಕೊಂಡದ್ದು ಉಂಟಾ, ಪಿತ್ತಕೋಶದಲ್ಲಿ ಕಲ್ಲು ಉಂಟಾ, ಶುಗರಿಗೆ ಎಂತ ಮಾತ್ರೆ ತಗೊಳ್ತೀರಿ, ಮಗು ಪ್ಲಾನ್ ಉಂಟಾ, ಕಣ್ಣು ಚೆಕ್ ಮಾಡ್ಸಿ ಎಷ್ಟು ದಿನ ಆಯ್ತು ಅಂತೆಲ್ಲ ಕೇಳ್ತಾರೆ. ಎಚ್‌ಬಿಎ1ಸಿ ಅಂದ್ರೆ ಮೂರು ತಿಂಗಳ ಶುಗರಿನ ಟೆಸ್ಟ್, ಕಿಡ್ನಿ ನೋಡುವ ಕ್ರಿಯಾಟಿನಿನ್, ಲಿವರ್ ಟೆಸ್ಟ್ ಬರೆದು ಕೊಡ್ತಾರೆ. ಇದು ಯಾವುದೂ ಕೇಳದೆ ಎರಡು ನಿಮಿಷದಲ್ಲಿ ಬರೆದು ಕೊಟ್ರೆ ಅದು ಎಷ್ಟು ದೊಡ್ಡ ಬೋರ್ಡಿನ ಆಸ್ಪತ್ರೆ ಆದ್ರೂ ಇನ್ನೊಬ್ಬರನ್ನು ನೋಡಿ.

ಇನ್ನು ಯಾರಿಗೆ ಕೊಡಬಹುದು ಅನ್ನುದಕ್ಕೂ ಅಳತೆ ಉಂಟು. ತೂಕ ಇಳಿಸ್ಲಿಕ್ಕೆ ಅಂತ ಈ ಮದ್ದುಗಳಿಗೆ ಒಪ್ಪಿಗೆ ಸಿಕ್ಕಿದ್ದು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 30 ಅಥವಾ ಅದಕ್ಕಿಂತ ಮೇಲೆ ಇದ್ದವರಿಗೆ, ಅಥವಾ 27ರ ಮೇಲಿದ್ದು ಜೊತೆಗೆ ಶುಗರ್ ಬಿಪಿ ಕೊಲೆಸ್ಟ್ರಾಲ್ ಹಾಗಿನ ಎಂತಾದ್ರೂ ತೊಂದರೆ ಇದ್ದವರಿಗೆ. 160 ಸೆಂಟಿಮೀಟರ್ ಎತ್ತರದವರ ಲೆಕ್ಕ ಹಾಕಿದ್ರೆ 30 ಅಂದ್ರೆ ಸುಮಾರು 77 ಕೆಜಿ, 27 ಅಂದ್ರೆ 69 ಕೆಜಿ. ನಮ್ಮ ಭಾರತೀಯರ ಮೈಗೆ ಕಡಿಮೆ ತೂಕದಲ್ಲೇ ಹೊಟ್ಟೆ ಬೊಜ್ಜು ಶುಗರ್ ಎಲ್ಲ ಬರ್ತದೆ ಅಂತ ಡಾಕ್ಟರ್‌ಗಳು 23, 25ರಿಂದಲೇ ಎಚ್ಚರ ಹೇಳ್ತಾರೆ, ಸೊಂಟದ ಸುತ್ತಳತೆ ಕೂಡ ನೋಡ್ತಾರೆ, ಗಂಡಸರಿಗೆ 90 ಹೆಂಗಸರಿಗೆ 80 ಸೆಂಟಿಮೀಟರ್. ಅದು ಸರಿ, ಆದ್ರೆ ಎಚ್ಚರ ಹೇಳುದು ಬೇರೆ ಸೂಜಿ ಹಾಕುದು ಬೇರೆ. 62 ಕೆಜಿ ಇರುವ ಹುಡುಗಿ ಮದುವೆಗೆ 55 ಆಗಬೇಕು ಅಂತ ಬರ್ತಾಳೆ ಅಲ್ವಾ, ಅವಳಿಗೆ ಇದು ಅಲ್ಲವೇ ಅಲ್ಲ, ಅದನ್ನು ನಾನು ಎಷ್ಟು ಸಲ ಬೇಕಾದ್ರೂ ಹೇಳ್ತೇನೆ.

ಮೆಡಿಕಲಲ್ಲಿ ತಗೊಳ್ಳುವಾಗ ಬಿಲ್ ಕೇಳಿ ತಗೊಳ್ಳಿ, ಅದರಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ, ಡಾಕ್ಟರ್ ಹೆಸರು ಇರಬೇಕು, ಬಾಕ್ಸ್ ಮೇಲಿನ ಬ್ಯಾಚ್ ಜೊತೆ ಅಲ್ಲೇ ನಿಂತು ತಾಳೆ ನೋಡಿ. ನಿಮ್ಮ ಕಣ್ಣೆದುರೇ ಫ್ರಿಜ್ಜಿಂದ ತೆಗೆದು ಕೊಡಬೇಕು, ಶೆಲ್ಫಿಂದ ತೆಗೆದು ಕೊಟ್ರೆ ಬೇಡ ಅನ್ನಿ. ಯಾವ ಫಾರ್ಮಾಸಿಸ್ಟ್ ಆದ್ರೂ ಇದಕ್ಕೆಲ್ಲ ಬೇಜಾರು ಮಾಡುದಿಲ್ಲ, ಮಾಡಿದ್ರೆ ಅಂಗಡಿ ಬದಲಿಸಿ. ಚೀಟಿ ಇಲ್ಲದೆ ಕೊಡುದಿಲ್ಲ ಅಂತ ನಾವು ಹೇಳಿದಾಗ ಜನ ಸಿಟ್ಟು ಮಾಡ್ಕೊಳ್ತಾರೆ, ಪಕ್ಕದವ ಕೊಡ್ತಾನೆ ಅಂತಾರೆ, ಪರಿಚಯದವರು ಕೂಡ. ಆಗ ಇಲ್ಲ ಅನ್ನುದು ನನಗೂ ಸುಲಭ ಇಲ್ಲ, ಆದ್ರೂ ಇಲ್ಲವೇ.

ಆ್ಯಪ್ ಮೂಲಕ

ಇದಕ್ಕೆ ನನ್ನದು ಕಂಡೀಷನ್ ಹಾಕಿದ ಹೌದು. ಆನ್‌ಲೈನ್ ಡಾಕ್ಟರ್ ನೋಡುದು ನಮ್ಮಲ್ಲಿ ಕಾನೂನುಬದ್ಧ, 2020ರ ಮಾರ್ಚಲ್ಲಿ ಟೆಲಿಮೆಡಿಸಿನ್ ಗೈಡ್‌ಲೈನ್ ಬಂದಿದೆ, ಅದರ ಪ್ರಕಾರ ಡಾಕ್ಟರ್ ತಮ್ಮ ರಿಜಿಸ್ಟ್ರೇಷನ್ ನಂಬರ್ ಚೀಟಿಯಲ್ಲಿ ಹಾಕಬೇಕು. ಆನ್‌ಲೈನ್ ಮೆಡಿಕಲ್‌ಗಳ ಕಥೆ ಅಷ್ಟು ಸ್ಪಷ್ಟ ಇಲ್ಲ, 2018ರಲ್ಲಿ ಕೇಂದ್ರ ಸರ್ಕಾರ ಇ-ಫಾರ್ಮಸಿಗೆ ಅಂತ ಕರಡು ನಿಯಮ ತಂದದ್ದು ಕರಡಾಗಿಯೇ ವರ್ಷಗಟ್ಟಲೆ ಉಳೀತು.

ಬೈಂದೂರು ಕೊಲ್ಲೂರು ಬದಿಯಲ್ಲಿ ಇರುವವರಿಗೆ, ಸುಳ್ಯ ಸುಬ್ರಹ್ಮಣ್ಯದವರಿಗೆ ಪ್ರತಿ ತಿಂಗಳು ಮಂಗಳೂರಿಗೆ ಬರ್ಲಿಕ್ಕೆ ಕಷ್ಟ, ಅವರಿಗೆ ಇದು ಉಪಯೋಗ ಆಗ್ತದೆ ಅಂತ ಒಪ್ಪುತ್ತೇನೆ. ನನ್ನ ಕಂಡೀಷನ್ ಎಂತ ಅಂದ್ರೆ ಮೊದಲ ಸಲ ಡಾಕ್ಟರನ್ನು ಎದುರೆದುರು ನೋಡಿ, ಹೊಟ್ಟೆ ಮುಟ್ಟಿ ನೋಡ್ಲಿ, ಬಿಪಿ ನೋಡ್ಲಿ, ರಕ್ತ ಟೆಸ್ಟ್ ಆಗ್ಲಿ, ಆಮೇಲಿನ ಫಾಲೋಅಪ್ ಬೇಕಾದ್ರೆ ವೀಡಿಯೋದಲ್ಲಿ ಮಾಡಿ. ಬರೀ ಫಾರ್ಮ್ ತುಂಬಿಸಿದ್ದಕ್ಕೆ ಚೀಟಿ ಬರುವ ಆ್ಯಪ್ ಬೇಡ, ಅಲ್ಲಿ 62 ಕೆಜಿ ಇದ್ದವಳು 82 ಅಂತ ಹಾಕಿದ್ರೂ ಕೇಳುವವರಿಲ್ಲ. ಡೆಲಿವರಿ ಬಂದಾಗ ಕೋಲ್ಡ್ ಪ್ಯಾಕ್ ಮುಟ್ಟಿ ನೋಡಿ, ಬಿಸಿ ಆಗಿದ್ರೆ ವಾಪಸ್ ಕೊಡಿ, ಸಹಿ ಹಾಕಿ ಒಳಗೆ ತಂದ ಮೇಲೆ ಫ್ರಿಜ್ಜಿನ ಮದ್ದು ಯಾರೂ ವಾಪಸ್ ತಗೊಳ್ಳುದಿಲ್ಲ.

ಗಲ್ಫ್ ಬ್ಯಾಗ್

ಇದರ ಬಗ್ಗೆ ಜಾಸ್ತಿ ಬರೀಬೇಕು, ಯಾಕಂದ್ರೆ ಇದು ನಮ್ಮ ಊರಿನದ್ದೇ ಸಮಸ್ಯೆ. ಮನೆಗೊಬ್ಬರು ದುಬೈ ಅಬುಧಾಬಿ ದಮ್ಮಾಮ್ ಕುವೈತಲ್ಲಿ ಇರುವ ಕರಾವಳಿ ಇದು, ಅಕ್ಕನಿಗೆ ಅಂತ ತಮ್ಮ, ಅತ್ತಿಗೆಗೆ ಅಂತ ಭಾವ ಎಂತೆಂತದ್ದೋ ತರ್ತಾರೆ, ಟ್ಯಾಂಗಿನ ಡಬ್ಬಿ ಬಾದಾಮು ಸೆಂಟಿನ ಜೊತೆ ಈಗ ಇಂಜೆಕ್ಷನ್ ಪೆನ್ನೂ ಸೇರಿದೆ. ಪ್ರೀತಿಯಿಂದಲೇ ತರುದು, ಅದರಲ್ಲಿ ಅನುಮಾನ ಇಲ್ಲ. ಇಲ್ಲಿ ಈ ಮದ್ದು ಸಿಗದಿದ್ದ ಕಾಲದಲ್ಲಿ ಅದು ಅರ್ಥ ಆಗ್ತಿತ್ತು ಕೂಡ. ಆದ್ರೆ ಮೌಂಜಾರೊ 2025ರ ಮಾರ್ಚಲ್ಲಿ, ವೆಗೊವಿ ಅದೇ ವರ್ಷ ಜೂನಲ್ಲಿ, ಓಜೆಂಪಿಕ್ (ವೆಗೊವಿಯಲ್ಲಿರುವ ಮದ್ದೇ, ಶುಗರಿಗೆ ಅಂತ ಬರುದು) ಡಿಸೆಂಬರಲ್ಲಿ ಇಂಡಿಯಾಕ್ಕೇ ಬಂದಾಗಿದೆ, ಈಗಲೂ ಬ್ಯಾಗಲ್ಲೇ ತರಿಸುದಕ್ಕೆ ಕಾರಣ ಒಂದೇ, ಚೀಟಿ ಬೇಡ ಅನ್ನುದು. ಆ ಕಾರಣವೇ ಅಪಾಯ.

ಕಾನೂನು ನೋಡಿದ್ರೆ ಡ್ರಗ್ಸ್ ರೂಲ್ಸ್‌ನ 36ನೇ ನಿಯಮ ಉಂಟು. ಪ್ರಯಾಣಿಕ ತನ್ನ ಲಗೇಜಲ್ಲಿ ತನ್ನ ಸ್ವಂತ ಬಳಕೆಗೆ ಮಾತ್ರ ಸ್ವಲ್ಪ ಮದ್ದು ತರಬಹುದು, ಒಂದು ಮದ್ದಿನ 100 ಸರಾಸರಿ ಡೋಸ್ ಮೀರುವ ಹಾಗಿಲ್ಲ, ಕಸ್ಟಮ್ಸ್‌ನವರು ಹೇಳಿದ್ರೆ ಡಿಕ್ಲೇರ್ ಮಾಡಬೇಕು. ಸ್ವಂತ ಬಳಕೆ ಅನ್ನುದನ್ನು ಇನ್ನೊಮ್ಮೆ ಓದಿ. ಅಕ್ಕನಿಗೆ ತಂದದ್ದು ತಮ್ಮನ ಸ್ವಂತ ಬಳಕೆ ಅಲ್ಲ. ಲಗೇಜಲ್ಲಿ ಅಲ್ಲದೆ ಪಾರ್ಸೆಲ್ ತರಿಸುವವರು ಫಾರ್ಮ್ 12ಎಯಲ್ಲಿ ಅರ್ಜಿ ಹಾಕಿ 12ಬಿ ಪರ್ಮಿಟ್ ತಗೊಳ್ಳಬೇಕು. ಬಜ್ಪೆ ಏರ್‌ಪೋರ್ಟಲ್ಲಿ ಬ್ಯಾಗ್ ತೆರೆದಾಗ ಚೀಟಿ ತೋರಿಸ್ಲಿಕ್ಕೆ ಆಗದೆ ಸಿಕ್ಕಿ ಬೀಳುವವ ತಂದವ, ತರಿಸಿದವರು ಅಲ್ಲ. ಅದರಿಂದ ನಾಲ್ಕು ಜನರಿಗೆ ಹಂಚಿ ದುಡ್ಡು ತಗೊಂಡ್ರೆ ಅದು ಲೈಸೆನ್ಸ್ ಇಲ್ಲದ ವ್ಯಾಪಾರ, ಮೇಲೆ ಹೇಳಿದ 3 ವರ್ಷದ ಕಲಮು ಅಲ್ಲಿಗೇ ಬರುದು.

ಕಾನೂನು ಬಿಟ್ಟು ಮೈ ಬಗ್ಗೆ ಹೇಳ್ತೇನೆ. ಈ ಮದ್ದು ಮೆಟ್ಟಿಲು ಹತ್ತಿದ ಹಾಗೆ ಏರಿಸ್ಲಿಕ್ಕೆ ಇರುದು, ಸೆಮಾಗ್ಲುಟೈಡ್ ಅಂದ್ರೆ ವೆಗೊವಿಯಲ್ಲಿ ಇರುದು 0.25 ಮಿಲಿಗ್ರಾಮಿಂದ ಶುರು, ನಾಲ್ಕು ನಾಲ್ಕು ವಾರಕ್ಕೆ 0.5, 1, 1.7, ಕೊನೆಗೆ 2.4. ಟಿರ್ಜೆಪಟೈಡ್ ಅಂದ್ರೆ ಮೌಂಜಾರೊ 2.5ರಿಂದ ಶುರು, 15ರವರೆಗೆ. ಬ್ಯಾಗಲ್ಲಿ ಬರುದು ಅಲ್ಲಿ ಯಾವುದು ಸಿಕ್ಕಿತೋ ಅದು, 7.5 ಸಿಕ್ರೆ 7.5, 10 ಸಿಕ್ರೆ 10. ಅಭ್ಯಾಸ ಇಲ್ಲದ ಹೊಟ್ಟೆಗೆ ಸೀದಾ 10 ಹೋದ್ರೆ ವಾಂತಿ ನಿಲ್ಲುದಿಲ್ಲ, ನೀರು ಕೂಡ ನಿಲ್ಲುದಿಲ್ಲ, ಮೈಯಲ್ಲಿ ನೀರು ಕಮ್ಮಿ ಆಗಿ ಕಿಡ್ನಿಗೆ ಪೆಟ್ಟು ಬೀಳ್ತದೆ. ಮತ್ತೆ ಒಂದು, ಪೆನ್ನಿನ ಕ್ಲಿಕ್ ಎಣಿಸಿ ಸ್ವಲ್ಪ ಸ್ವಲ್ಪ ಹಾಕ್ತೇವೆ ಅಂತಾರೆ, ಅಕ್ಕ ತಂಗಿ ಸೇರಿ ಒಂದೇ ಪೆನ್ ಹಂಚ್ಕೊಳ್ತಾರೆ ಖರ್ಚು ಉಳೀತದೆ ಅಂತ. ಸೂಜಿ ಬದಲಿಸಿದ್ರೂ ಪೆನ್ ಹಂಚಬಾರದು, ಒಬ್ಬರ ರಕ್ತ ಪೆನ್ನಿನ ಒಳಗೆ ಹಿಂದೆ ಹೋಗ್ಲಿಕ್ಕೆ ಸಾಕು, ಹೆಪಟೈಟಿಸ್ ಎಚ್‌ಐವಿ ಹಾಗಿನದ್ದು ಒಂದೇ ಮನೆಯವರು ಅಂತ ನೋಡಿ ಬಿಡುದಿಲ್ಲ.

ಸಾಗಾಟದಲ್ಲೂ ತೊಂದರೆ ಉಂಟು. ಚೆಕ್-ಇನ್ ಬ್ಯಾಗಲ್ಲಿ ಹಾಕಿದ್ರೆ ತಣ್ಣಗೆ ಜಾಸ್ತಿ ಆಗಿ ಹೆಪ್ಪುಗಟ್ಟುವ ಭಯ, ಐಸಿಗೆ ಸೀದಾ ತಾಗಿಸಿ ಇಟ್ರೆ ಕೂಡ ಅದೇ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಮತ್ತೆ ಕರಗಿದ್ರೂ ಹಾಕುವ ಹಾಗಿಲ್ಲ, ನೋಡ್ಲಿಕ್ಕೆ ಮಾತ್ರ ಎಂತ ವ್ಯತ್ಯಾಸವೂ ಗೊತ್ತಾಗುದಿಲ್ಲ. ಗಲ್ಫಲ್ಲೇ ಇದ್ದು ಅಲ್ಲಿನ ಡಾಕ್ಟರ್ ಚೀಟಿಯಲ್ಲಿ ತಾನೇ ತಗೊಳ್ಳುವವರು ರಜೆಗೆ ಊರಿಗೆ ಬರುವಾಗ ತಮ್ಮ ಪೆನ್ ತರುದು ಬೇರೆ ವಿಷಯ, ಅವರು ಚೀಟಿ ಜೊತೆ ಕೈ ಬ್ಯಾಗಲ್ಲಿ ತರ್ಲಿ, ಅದರಲ್ಲಿ ತಪ್ಪಿಲ್ಲ.

ಪಾರ್ಲರ್, ಸ್ಲಿಮ್ಮಿಂಗ್ ಸೆಂಟರ್, ಜಿಮ್

ಇದನ್ನು ಗಲ್ಫ್ ಬ್ಯಾಗಿಗಿಂತಲೂ ಕೆಳಗೆ ಇಡ್ತೇನೆ. ಬ್ಯಾಗಲ್ಲಿ ಬಂದದ್ದರಲ್ಲಿ ಕಡೇಪಕ್ಷ ಬಾಕ್ಸ್ ಉಂಟು, ಕಂಪನಿ ಹೆಸರು ಉಂಟು, ಬ್ಯಾಚ್ ಉಂಟು. ಇಲ್ಲಿ ಸಿಗುದು ಬರೀ ಸಿರಿಂಜು, ಒಳಗೆ ನೀರಿನ ಹಾಗೆ ಬಣ್ಣ ಇಲ್ಲದ್ದು ಎಂತದೋ. ಅದು ಸೆಮಾಗ್ಲುಟೈಡಾ, ಇನ್ಸುಲಿನ್ನಾ, ಬರೀ ಸಲೈನಾ, ನೋಡಿ ಹೇಳ್ಲಿಕ್ಕೆ ನನಗೂ ಆಗುದಿಲ್ಲ ನಿಮಗೂ ಆಗುದಿಲ್ಲ. ಇನ್ಸುಲಿನ್ ಅಂತ ಸುಮ್ಮನೆ ಹೇಳಿದ್ದಲ್ಲ, 2023ರ ಅಕ್ಟೋಬರಲ್ಲಿ ಆಸ್ಟ್ರಿಯಾದಲ್ಲಿ ಓಜೆಂಪಿಕ್ ಅಂತ ತಗೊಂಡವರು ಶುಗರ್ ಸಿಕ್ಕಾಪಟ್ಟೆ ಇಳಿದು ಆಸ್ಪತ್ರೆ ಸೇರಿದ್ರು, ಆ ನಕಲಿ ಪೆನ್ನಲ್ಲಿ ಇನ್ಸುಲಿನ್ ಇತ್ತು ಅಂತ ಅಲ್ಲಿನ ಅಧಿಕಾರಿಗಳೇ ಎಚ್ಚರಿಸಿದ್ರು. 2024ರ ಜೂನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೂಡ ಬ್ರೆಜಿಲ್, ಬ್ರಿಟನ್, ಅಮೆರಿಕದಲ್ಲಿ ಸಿಕ್ಕಿದ ನಕಲಿ ಓಜೆಂಪಿಕ್ ಬಗ್ಗೆ ಎಲ್ಲಾ ದೇಶಕ್ಕೂ ಎಚ್ಚರಿಕೆ ಕೊಟ್ಟಿತು. ಶುಗರ್ ಇಲ್ಲದವರಿಗೆ ಗೊತ್ತಿಲ್ಲದೆ ಇನ್ಸುಲಿನ್ ಹೋದ್ರೆ ಬೆವರಿ ನಡುಗಿ ಫಿಟ್ಸ್ ಬಂದು ಜೀವ ಹೋಗುವವರೆಗೂ ಮುಟ್ಟಬಹುದು.

ಮತ್ತೆ ಕೇಳಿ, ಬ್ಯೂಟಿಷಿಯನ್, ಜಿಮ್ ಟ್ರೇನರ್, ಡಯಟೀಷಿಯನ್ ಯಾರಿಗೂ ಈ ಮದ್ದು ಬರೆಯುವ ಅಧಿಕಾರ ಇಲ್ಲ. ಕರ್ನಾಟಕದಲ್ಲಿ ಪ್ರೈವೇಟ್ ಕ್ಲಿನಿಕ್ ನಡೆಸ್ಲಿಕ್ಕೆ 2007ರ ಕೆಪಿಎಂಇ ಅಂದ್ರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ರಿಜಿಸ್ಟ್ರೇಷನ್ ಬೇಕು, ಸರ್ಟಿಫಿಕೇಟ್ ಕಾಣುವ ಹಾಗೆ ಹಾಕಿರಬೇಕು, ಒಳಗೆ ಹೋದ ಕೂಡ್ಲೇ ಅದನ್ನು ಹುಡುಕಿ. ಇಲ್ಲ ಅಂದ್ರೆ ಎಸಿ ಎಷ್ಟು ತಂಪಾಗಿದ್ರೂ ಸೋಫಾ ಎಷ್ಟು ಮೆತ್ತಗಿದ್ರೂ ಎದ್ದು ಬನ್ನಿ. ಇದ್ರೂ ಕೂಡ, ಸೀಲ್ ಇರುವ ಬಾಕ್ಸನ್ನು ನನ್ನೆದುರೇ ತೆರೀರಿ, ಖಾಲಿ ಬಾಕ್ಸ್ ನನಗೇ ಕೊಡಿ ಅಂತ ಕೇಳಿ. ಕೊಡ್ಲಿಕ್ಕೆ ಮನಸಿಲ್ಲ ಅಂದ್ರೆ ಯಾಕೆ ಅಂತ ನೀವೇ ಯೋಚನೆ ಮಾಡಿ. ಎಷ್ಟೋ ಹೆಂಗಸರು ಮನೆಯಲ್ಲಿ ಗೊತ್ತಾಗಬಾರದು ಅಂತ ಇಂಥ ಕಡೆ ಹೋಗ್ತಾರೆ, ದಪ್ಪ ಅಂತ ಮನೆಯವರೇ ಆಡಿಕೊಂಡದ್ದು ಸಾಕಾಗಿ ಹೋಗುದು, ಆ ನೋವು ನನಗೆ ಅರ್ಥ ಆಗ್ತದೆ. ಡಾಕ್ಟರ್ ಹತ್ರ ಹೇಳಿದ ವಿಷಯ ಕೂಡ ಗುಟ್ಟಾಗಿಯೇ ಇರ್ತದೆ, ಅದು ಅವರ ಕರ್ತವ್ಯ.

ಪುಡಿ

ಐದನೇದು ಟೆಲಿಗ್ರಾಮಲ್ಲಿ ಪೆಪ್ಟೈಡ್ ಅಂತ ಮಾರುವ ಪುಡಿ, ಅದಕ್ಕೆ ನೀರು ಬೆರೆಸಿ ನೀವೇ ಚುಚ್ಚಿಕೊಳ್ಳಿ ಅಂತಾರೆ. ಲೇಬಲಲ್ಲಿ ರಿಸರ್ಚ್‌ಗೆ ಮಾತ್ರ ಅಂತ ಬರೆದಿರ್ತದೆ, ಅದು ಮಾರುವವ ತನ್ನನ್ನು ಕಾಪಾಡಿಕೊಳ್ಳಿಕ್ಕೆ ಬರೆದದ್ದು. ರೆಟಾಟ್ರುಟೈಡ್ ಅಂತ ಹೆಸರು ಕೇಳಿದ್ರೆ ಅದು ಟ್ರಯಲ್ ಹಂತದ ಮದ್ದು, ನಮ್ಮ ದೇಶದಲ್ಲಿ ಅದನ್ನು ಮಾರ್ಲಿಕ್ಕೆ ಒಪ್ಪಿಗೆ ಇಲ್ಲ, ಟ್ರಯಲಿನ ಹೊರಗೆ ನಿಮ್ಮ ಕೈಗೆ ಬಂದದ್ದು ಎಲ್ಲಿಂದ ಬಂತು ಅಂತ ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲ. ಅಮೆರಿಕದ ಎಫ್‌ಡಿಎ (ಮದ್ದು ನಿಯಂತ್ರಣ ಸಂಸ್ಥೆ) 2024ರ ಜುಲೈಯಲ್ಲಿ ಒಂದು ಎಚ್ಚರಿಕೆ ಕೊಟ್ಟಿತ್ತು, ಸಣ್ಣ ಬಾಟಲಿಯಿಂದ ಸಿರಿಂಜಲ್ಲಿ ಎಳೆದು ತಗೊಳ್ಳುವವರಲ್ಲಿ ಕೆಲವರು ಲೆಕ್ಕ ತಪ್ಪಿ 5ರಿಂದ 20 ಪಟ್ಟು ಜಾಸ್ತಿ ಡೋಸ್ ಹಾಕ್ಕೊಂಡಿದ್ರು ಅಂತ. ಅದೂ ಫಾರ್ಮಸಿಯಲ್ಲಿ ತಯಾರು ಮಾಡಿಸಿ ತಗೊಂಡವರಲ್ಲಿ. ಪುಡಿ ಬೆರೆಸುವವರ ಲೆಕ್ಕ ಹೇಗಿರಬಹುದು ಹೇಳಿ. ಪ್ಯಾಚ್, ಡ್ರಾಪ್ಸ್ ಅಂತ ಬರುದಕ್ಕೂ ದುಡ್ಡು ಹಾಕಬೇಡಿ.

ಈಗ ಯಾವ ಮದ್ದು

ದಾರಿ ಸರಿ ಆಯ್ತು, ಡಾಕ್ಟರ್ ಹೌದು ಅಂದ್ರು ಅಂತ ಇಟ್ಕೊಳ್ಳಿ. ತೂಕ ಇಳಿಸುದರಲ್ಲಿ ಟಿರ್ಜೆಪಟೈಡ್ ಮುಂದೆ, ಅದರಲ್ಲಿ ಸಂಶಯ ಇಲ್ಲ. 2025ರಲ್ಲಿ ಬಂದ ಸರ್ಮೌಂಟ್-5 ಟ್ರಯಲಲ್ಲಿ ಎರಡನ್ನೂ ಎದುರೆದುರು ಇಟ್ಟು ನೋಡಿದ್ರು, 72 ವಾರಕ್ಕೆ ಟಿರ್ಜೆಪಟೈಡಲ್ಲಿ ಸರಾಸರಿ 20.2 ಪರ್ಸೆಂಟ್, ಸೆಮಾಗ್ಲುಟೈಡಲ್ಲಿ 13.7 ಪರ್ಸೆಂಟ್ ಇಳೀತು. 90 ಕೆಜಿ ಇದ್ದವರಿಗೆ ಲೆಕ್ಕ ಹಾಕಿದ್ರೆ 18 ಕೆಜಿ, 12 ಕೆಜಿ. ಸರಾಸರಿ ಅಂದ್ರೆ ಎಲ್ಲರಿಗೂ ಅಷ್ಟೇ ಅಂತ ಅಲ್ಲ. ಆದ್ರೆ ಹಾರ್ಟ್ ಅಟ್ಯಾಕ್ ಸ್ಟ್ರೋಕ್ ಆಗಿದ್ದವರಿಗೆ ಡಾಕ್ಟರ್ ಸೆಮಾಗ್ಲುಟೈಡ್ ಅಂದ್ರೆ ಕಾರಣ ಉಂಟು, 2023ರ ಸೆಲೆಕ್ಟ್ ಟ್ರಯಲಲ್ಲಿ ಶುಗರ್ ಇಲ್ಲದ, ತೂಕ ಜಾಸ್ತಿ ಇದ್ದ ಹೃದಯದ ಕಾಯಿಲೆಯವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದಿಂದ ಸಾವು ಒಟ್ಟಾರೆ 20 ಪರ್ಸೆಂಟ್ ಕಮ್ಮಿ ಆಗಿತ್ತು. ಲಿರಾಗ್ಲುಟೈಡ್ ಹಳೇದು, ದಿನಾ ಚುಚ್ಚಬೇಕು, ಇಳಿಯುದು 8 ಪರ್ಸೆಂಟ್ ಹತ್ರ. ರೈಬೆಲ್ಸಸ್ ಅಂದ್ರೆ ಸೆಮಾಗ್ಲುಟೈಡಿನ ಮಾತ್ರೆ, ಅದು ಶುಗರಿನವರಿಗೆ, ಖಾಲಿ ಹೊಟ್ಟೆಗೆ ಅರ್ಧ ಗ್ಲಾಸಿಗಿಂತ ಜಾಸ್ತಿ ನೀರು ಕುಡಿಯದೆ ನುಂಗಿ ಅರ್ಧ ಗಂಟೆ ಎಂತದೂ ತಿನ್ನಬಾರದು. ಓಜೆಂಪಿಕ್‌ಗೂ ಇಲ್ಲಿ ಒಪ್ಪಿಗೆ ಇರುದು ಶುಗರಿಗೆ, ಹಾಗಾಗಿ ತೂಕಕ್ಕೆ ಮಾತ್ರ ಅಂತ ಹೋದವರಿಗೆ ಡಾಕ್ಟರ್ ಅದನ್ನು ಬರೆದ್ರೆ ಯಾಕೆ ಅಂತ ಕೇಳಿ ತಿಳ್ಕೊಳ್ಳಿ.

ಕ್ರಯದ ಮಾತು. ಮೌಂಜಾರೊ ಬಂದಾಗ 2.5ರ ಒಂದು ಬಾಟಲಿ 3,500, 5ರದ್ದು 4,375 ರೂಪಾಯಿ, ಅದು ಒಂದು ವಾರದ್ದು, ತಿಂಗಳಿಗೆ ನಾಲ್ಕು ಬೇಕು. ವೆಗೊವಿ ಸುರುವಲ್ಲಿ ತಿಂಗಳಿಗೆ 17,345 ಇತ್ತು, 2025ರ ನವೆಂಬರಲ್ಲಿ ಸಣ್ಣ ಡೋಸಿಂದು 10,850ಕ್ಕೆ ಇಳಿಸಿದ್ರು. 2026ರ ಮಾರ್ಚಲ್ಲಿ ಸೆಮಾಗ್ಲುಟೈಡ್ ಪೇಟೆಂಟ್ ಮುಗಿದ ಮೇಲೆ ನಮ್ಮ ಇಂಡಿಯನ್ ಕಂಪನಿಗಳಿಗೆ ದಾರಿ ತೆರೆದಿದೆ. ಅದು ಡೂಪ್ಲಿಕೇಟಾ ಅಂತ ಜನ ಕೇಳ್ತಾರೆ, ಅಲ್ಲ, ಕೇಂದ್ರದ ಡ್ರಗ್ ಕಂಟ್ರೋಲರ್ ಒಪ್ಪಿಗೆ ಪಡೆದು ಬಂದ ಜೆನೆರಿಕ್ ಕಾನೂನುಬದ್ಧ ಮದ್ದು, ಪಾರ್ಲರ್ ಸಿರಿಂಜಿನ ಜೊತೆ ಅದನ್ನು ಸೇರಿಸಬೇಡಿ. ದುಡ್ಡು ಕಮ್ಮಿ ಇದ್ದವರು ದೊಡ್ಡ ಬ್ರಾಂಡ್ ಪೆನ್ ಹಂಚ್ಕೊಳ್ಳುದಕ್ಕಿಂತ ಡಾಕ್ಟರ್ ಹತ್ರ ಜೆನೆರಿಕ್ ಬರೆದು ಕೊಡಿ ಅಂತ ಬಾಯಿ ಬಿಟ್ಟು ಕೇಳಿ, ಅದರಲ್ಲಿ ನಾಚಿಕೆ ಎಂತ. ಬಾಟಲಿ ಕೊಟ್ರೆ ಸಿರಿಂಜಲ್ಲಿ ಎಷ್ಟು ಗೆರೆ ಎಳೀಬೇಕು ಅಂತ ಬರೆಸಿಕೊಳ್ಳಿ, ಮೊದಲ ಡೋಸ್ ನರ್ಸ್ ಎದುರು ಹಾಕಿ.

ಖರ್ಚು ಲೆಕ್ಕ ಹಾಕುವಾಗ ಎರಡು ತಿಂಗಳಿಗೆ ಹಾಕಬೇಡಿ. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ನೋಡಿದ್ರೆ ಇಳಿದದ್ದರ ಮೂರರಲ್ಲಿ ಎರಡು ಭಾಗ ತೂಕ ವಾಪಸ್ ಬಂದಿತ್ತು. ಇಳಿಯುವ ತೂಕದಲ್ಲಿ ಮಾಂಸಖಂಡ ಕೂಡ ಇರ್ತದೆ, ಅದಕ್ಕೇ ಮೀನು ಮೊಟ್ಟೆ ಹೆಸರುಕಾಳು ತಪ್ಪಿಸದೆ ತಿಂದು ಸ್ವಲ್ಪ ಭಾರ ಎತ್ತುವ ವ್ಯಾಯಾಮ ಬೇಕು. ಬಿಎಂಐ 40ರ ಮೇಲೆ, ಅಥವಾ 35ರ ಮೇಲಿದ್ದು ಗಂಭೀರ ಕಾಯಿಲೆ ಇದ್ದವರು ಬೊಜ್ಜಿನ ಆಪರೇಷನ್ ಬಗ್ಗೆಯೂ ಕೇಳಿ ನೋಡಿ, ಆ ಅಳತೆ ದಾಟಿ ಬೇರೆ ದಾರಿ ಫಲಿಸದಿದ್ದವರಿಗೆ ಇನ್ಶೂರೆನ್ಸ್ ಆಪರೇಷನ್‌ಗೆ ಸಿಗುವ ಅವಕಾಶ ಉಂಟು, ಸೂಜಿಗೆ ಸಾಮಾನ್ಯವಾಗಿ ಕೈಯಿಂದಲೇ ಹಾಕಬೇಕು.

ಹೆಣ್ಣು ಮಕ್ಕಳು ಇದೊಂದು ಬಿಡದೆ ಓದಿ. ಮದುವೆಗೆ ಮೊದಲು ಸೂಜಿ ಶುರು ಮಾಡಿ ಮದುವೆ ಆದ ಕೂಡ್ಲೇ ಮಗು ಅಂತ ಆದ್ರೆ ಕಷ್ಟ, ಸೆಮಾಗ್ಲುಟೈಡ್ ಆದ್ರೆ ಗರ್ಭಕ್ಕೆ ಪ್ಲಾನ್ ಮಾಡುವ ಕನಿಷ್ಠ 2 ತಿಂಗಳು ಮೊದಲು ನಿಲ್ಲಿಸಬೇಕು. ಟಿರ್ಜೆಪಟೈಡ್ ತಗೊಳ್ಳುವಾಗ ಗರ್ಭನಿರೋಧಕ ಮಾತ್ರೆ ಸರಿ ಕೆಲಸ ಮಾಡದೆ ಹೋಗಬಹುದು, ಶುರು ಮಾಡಿದ ಮೇಲೆ 4 ವಾರ, ಮತ್ತೆ ಪ್ರತಿ ಸಲ ಡೋಸ್ ಏರಿಸಿದ ಮೇಲೆ 4 ವಾರ ಕಾಂಡೋಮ್ ಹಾಗಿನ ಬೇರೆ ದಾರಿ ಬೇಕು. ಇದನ್ನು ಪಾರ್ಲರಲ್ಲಿ ಯಾರು ಹೇಳ್ತಾರೆ? ಶುಗರಿಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತಗೊಳ್ಳುವವರು ರಂಜಾನ್ ಉಪವಾಸ, ಏಕಾದಶಿ, ನವರಾತ್ರಿ ಅಂತ ಇದ್ರೆ ಮೊದಲೇ ಡಾಕ್ಟರ್‌ಗೆ ಹೇಳಿ, ಆ ಮದ್ದು ಈ ಸೂಜಿ ಎರಡೂ ಸೇರಿ ಉಪವಾಸದಲ್ಲಿ ಶುಗರ್ ತುಂಬಾ ಇಳೀಬಹುದು. ಯಾವುದಾದ್ರೂ ಆಪರೇಷನ್ ಇದ್ರೆ ಅನಸ್ತೇಷಿಯಾ ಡಾಕ್ಟರ್‌ಗೂ ಹೇಳಿ, ಹೊಟ್ಟೆ ನಿಧಾನ ಖಾಲಿ ಆಗುದರಿಂದ ಊಟ ಶ್ವಾಸಕೋಶಕ್ಕೆ ಹೋಗುವ ಅಪಾಯ ಉಂಟು.

ಇಡುದು 2ರಿಂದ 8 ಡಿಗ್ರಿಯಲ್ಲಿ, ಫ್ರೀಜರ್ ಹತ್ರ ಬೇಡ, ಬಾಗಿಲಲ್ಲೂ ಬೇಡ. ಮೌಂಜಾರೊ ಬಾಟಲಿ ಹೊರಗೆ 30 ಡಿಗ್ರಿ ಒಳಗೆ 21 ದಿನ ಇರ್ತದೆ, ಆದ್ರೆ ನಮ್ಮ ಏಪ್ರಿಲ್ ಮೇಯಲ್ಲಿ ರೂಮಲ್ಲೇ 30 ದಾಟ್ತದೆ, ನೆನಪಿಡಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದ್ರೆ ಫ್ರಿಜ್ ಬಾಗಿಲು ತೆರೀಬೇಡಿ, ಜಾಸ್ತಿ ಹೊತ್ತು ಬಾರದಿದ್ರೆ ಎಷ್ಟು ಹೊತ್ತು ಅಂತ ಬರೆದಿಟ್ಟು ಮೆಡಿಕಲಿಗೆ ಫೋನ್ ಮಾಡಿ ಕೇಳಿ.

ಸ್ವಲ್ಪ ಹೊಟ್ಟೆ ತೊಳೆಸುದು, ಮಲಬದ್ಧತೆ, ಭೇದಿ ಎಲ್ಲ ಸುರುವಲ್ಲಿ ಇರ್ತದೆ, ಉಪ್ಪು ಹಾಕಿದ ಗಂಜಿ ತೆಳಿ ಸ್ವಲ್ಪ ಸ್ವಲ್ಪ ಕುಡೀರಿ, ಕೋರಿ ರೊಟ್ಟಿ ಗೋಳಿಬಜೆ ಸ್ವಲ್ಪ ದಿನ ದೂರ ಇಡಿ. ಆದ್ರೆ ಹೊಟ್ಟೆ ಮೇಲ್ಭಾಗದಲ್ಲಿ ನೋವು ಜೋರಾಗಿ ಬೆನ್ನಿಗೆ ಹೋದ್ರೆ, ವಾಂತಿ ನಿಲ್ಲದಿದ್ರೆ, ಮೂತ್ರ ಕಮ್ಮಿ ಆದ್ರೆ, ಕಣ್ಣು ಹಳದಿ ಆದ್ರೆ, ಒಂದು ಕಣ್ಣಿನ ದೃಷ್ಟಿ ಫಕ್ಕನೆ ಹೋದ್ರೆ ಬೆಳಿಗ್ಗೆವರೆಗೆ ಕಾಯಬೇಡಿ, ಸೀದಾ ಕ್ಯಾಶುವಾಲಿಟಿಗೆ. ಕಣ್ಣಿನದ್ದು ತೀರಾ ಅಪರೂಪ, ಸೆಮಾಗ್ಲುಟೈಡಲ್ಲಿ 10,000 ಜನರಲ್ಲಿ ಒಬ್ಬರಿಗೆ ಆಗಬಹುದು ಅಂತ ಯುರೋಪಿನ ಮದ್ದು ಸಂಸ್ಥೆ 2025ರ ಜೂನಲ್ಲಿ ಹೇಳಿದ್ದು, ಆದ್ರೂ ಗೊತ್ತಿರಬೇಕು. ಹೋಗುವಾಗ ಬಾಕ್ಸ್, ಪೆನ್, ಸಿರಿಂಜ್ ಎಂತ ಉಂಟೋ ಎಲ್ಲ ತಗೊಂಡು ಹೋಗಿ, ಪಾರ್ಲರಲ್ಲಿ ಹಾಕಿಸಿದ್ದಾದ್ರೆ ಅದನ್ನೂ ಮುಚ್ಚದೆ ಹೇಳಿ, ಒಳಗೆ ಹೋದದ್ದು ಎಂತ ಅಂತ ಗೊತ್ತಾಗದೆ ಡಾಕ್ಟರ್‌ಗೆ ಸರಿ ಚಿಕಿತ್ಸೆ ಕೊಡ್ಲಿಕ್ಕೆ ಆಗುದಿಲ್ಲ. ಸೈಡ್ ಎಫೆಕ್ಟ್ ಆದದ್ದನ್ನು ನೀವೇ 1800-180-3024ಕ್ಕೆ ಫೋನ್ ಮಾಡಿ ಹೇಳಬಹುದು, ಅದು ಕೇಂದ್ರ ಸರ್ಕಾರದ ಔಷಧ ಸುರಕ್ಷತೆಯ ಉಚಿತ ನಂಬರ್. ನಕಲಿ ಅಂತ ಅನುಮಾನ ಬಂದ್ರೆ ಉಳಿದದ್ದನ್ನು ಬಿಸಾಡದೆ ಬಿಲ್ ಜೊತೆ ಜಿಲ್ಲೆಯ ಡ್ರಗ್ ಕಂಟ್ರೋಲ್ ಆಫೀಸಿಗೆ ಕೊಡಿ, ಲ್ಯಾಬಿಗೆ ಕಳಿಸಿ ಟೆಸ್ಟ್ ಮಾಡ್ಸುವ ಅಧಿಕಾರ ಅವರಿಗೆ ಉಂಟು.